ಬೆಕ್ಕಿರುವ ಮನೆಗೆ ಹೊಸ ನಾಯಿಯನ್ನು ಒಗ್ಗಿಸುವುದು ಹೇಗೆ?

ಆಶ್ರಯಧಾಮದಿಂದಲೋ ಬೀದಿಯಿಂದಲೋ ನಾಯಿಯೊಂದನ್ನು ದತ್ತು ತಂದವರು ಮೊದಲ ಗಂಟೆಯಲ್ಲೇ ಮಾಡುವ ತಪ್ಪೊಂದಿದೆ. ಮನೆಯ ಬೆಕ್ಕನ್ನು ಎತ್ತಿಕೊಂಡು ಬಂದು, ನಾಯಿಯ ಮೂತಿಯೆದುರು ಹಿಡಿದು, ‘ನೋಡು, ಇವಳು ನಿನ್ನ ಅಕ್ಕ’ ಎಂದು ಪರಿಚಯ ಮಾಡಿಸುತ್ತಾರೆ. ಹೊಸ ಮನೆ ಸಿಗುವವರೆಗೆ ಇಂಥ ನಾಯಿಗಳನ್ನು ನನ್ನಲ್ಲಿ ಇರಿಸಿಕೊಂಡು ಆಮೇಲೆ ಒಪ್ಪಿಸಿಬರುವ ನಾನು ಈ ದೃಶ್ಯವನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಒಮ್ಮೆ ಹೀಗೆ ಎತ್ತಿಕೊಂಡಿದ್ದ ಬೆಕ್ಕು ಗಾಬರಿಯಿಂದ ಒಡತಿಯ ಹೆಗಲನ್ನು ಗೀರಿ ಹಾರಿ, ಫ್ರಿಜ್ಜಿನ ಹಿಂದೆ ಸೇರಿಕೊಂಡು, ಎರಡು ದಿನ ಅನ್ನ ಮುಟ್ಟಲಿಲ್ಲ. ತೋಳಿನಲ್ಲಿ ಸಿಕ್ಕಿಬಿದ್ದ ಬೆಕ್ಕಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ, ಅದು ಹಾರಿ ಓಡಿದ ಕೂಡಲೇ ಅಟ್ಟುವುದು ನಾಯಿಯ ಹುಟ್ಟುಗುಣ. ಅಟ್ಟುವುದರಲ್ಲಿ ಎಷ್ಟು ಸುಖವಿದೆಯೆಂದು ಒಮ್ಮೆ ಕಂಡುಕೊಂಡ ನಾಯಿಗೆ ಅದನ್ನು ಮರೆಸಲು ತಿಂಗಳುಗಳೇ ಬೇಕಾಗುತ್ತವೆ. ಹಾಗಾಗಿ ಇಡೀ ಕೆಲಸದ ತಿರುಳು ಇಷ್ಟು: ಮೊದಲ ಅಟ್ಟಾಟ ನಡೆಯದಂತೆ ನೋಡಿಕೊಳ್ಳಬೇಕು.

ನಾಯಿಯನ್ನು ಆರಿಸುವಾಗಲೇ ಅದು ಬೆಕ್ಕನ್ನು ಕಂಡರೆ ಏನು ಮಾಡುತ್ತದೆಂದು ಕೇಳಿ, ಸಾಧ್ಯವಾದರೆ ಕಣ್ಣಾರೆ ನೋಡಿ. ಮೀನಂಗಡಿಯ ಸುತ್ತ ಬೆಕ್ಕುಗಳ ನಡುವೆಯೇ ಬೆಳೆದ ಬೀದಿನಾಯಿ ಕೆಲವೊಮ್ಮೆ ಒಂದೇ ವಾರದಲ್ಲಿ ಒಗ್ಗಿಬಿಡುತ್ತದೆ. ಮುಧೋಳದ ನಾಯಿಯಂಥವು ಕಣ್ಣಿನಿಂದಲೇ ಬೇಟೆಯನ್ನು ಗುರುತಿಸಿ ಅಟ್ಟಲೆಂದು ತಲೆತಲಾಂತರದಿಂದ ಬೆಳೆದುಬಂದವು. ಅವುಗಳಿಗೆ ಕಲಿಸಲಾಗದು ಎಂದಲ್ಲ, ಆದರೆ ಮೊದಲ ಸಲ ನಾಯಿ ಸಾಕುವವರು ಬೆಕ್ಕಿರುವ ಮನೆಗೆ ಅವನ್ನು ತರುವುದು ಬೇಡ. ದೀಪಾವಳಿಯ ಆಸುಪಾಸಿನಲ್ಲಂತೂ ಯಾವ ನಾಯಿಯನ್ನೂ ತರಬೇಡಿ, ಪಟಾಕಿ ಸದ್ದಿಗೆ ನಡುಗುವ ಪ್ರಾಣಿ ಬೇರೇನನ್ನೂ ಕಲಿಯಲಾರದು.

ರೇಬೀಸ್ ಲಸಿಕೆ ಮತ್ತು ಜಂತುಹುಳುವಿನ ಔಷಧ ಎರಡು ಜಾತಿಗೂ ಆಗಿರಬೇಕು. ರಕ್ತ ಹೀರುವ ಉಣ್ಣಿಯ ವಿಷಯದಲ್ಲಿ ಮಾತ್ರ ಇನ್ನೂ ಹೆಚ್ಚಿನ ಎಚ್ಚರ ಬೇಕು. ಉಣ್ಣಿ ಸಾಯಲೆಂದು ನಾಯಿಯ ಬೆನ್ನಿಗೆ ಹಾಕುವ ಔಷಧದ ಹನಿಗಳಲ್ಲಿ ಕೆಲವು ಪರ್ಮೆಥ್ರಿನ್ ಎಂಬ ರಾಸಾಯನಿಕವನ್ನು ಹೊಂದಿರುತ್ತವೆ. ನಾಯಿ ಅದನ್ನು ತಡೆದುಕೊಳ್ಳುತ್ತದೆ, ಬೆಕ್ಕಿನ ಯಕೃತ್ತಿಗೆ ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಇಲ್ಲ. ಮೈ ನಡುಗಿ, ಸೆಳೆತ ಬಂದು ಬೆಕ್ಕು ಸಾಯಬಹುದು. ಔಷಧ ಹಾಕಿದ ನಾಯಿಗೆ ಮೈಯುಜ್ಜಿದರೂ, ಅದರ ಪಕ್ಕ ಮಲಗಿದರೂ ಅಪಾಯ ತಪ್ಪಿದ್ದಲ್ಲ. ಅಂಗಡಿಯವನು ‘ಎರಡಕ್ಕೂ ಆಗುತ್ತದೆ’ ಎಂದ ಮಾತನ್ನು ನಂಬದೆ ಡಬ್ಬಿಯ ಮೇಲಿನ ಹೆಸರನ್ನು ಓದಿ, ಮನೆಯಲ್ಲಿ ಬೆಕ್ಕಿದೆ ಎಂದು ಪಶುವೈದ್ಯರಿಗೆ ಹೇಳಿಯೇ ಔಷಧ ಬರೆಸಿಕೊಳ್ಳಿ.

ನಾಯಿ ಬರುವ ಹಿಂದಿನ ದಿನವೇ ಒಂದು ಕೋಣೆಯನ್ನು ಬೆಕ್ಕಿಗೆ ಬಿಟ್ಟುಕೊಡಿ. ಅದರ ಊಟ, ನೀರು, ಮರಳಿನ ತಟ್ಟೆ ಎಲ್ಲವೂ ಅಲ್ಲಿಯೇ ಇರಲಿ. ನಮ್ಮ ಮನೆಗಳ ಸಜ್ಜಾಗಳು ಬೆಕ್ಕಿಗೆ ದೇವರು ಕೊಟ್ಟ ಅಟ್ಟ. ಹಳೆಯ ಪಾತ್ರೆ, ಸೂಟ್‌ಕೇಸುಗಳನ್ನು ಸರಿಸಿ ಜಾಗ ಮಾಡಿ, ಏರಲು ಒಂದು ಸ್ಟೂಲನ್ನೋ ಕಪಾಟನ್ನೋ ಕೆಳಗೆ ಇಟ್ಟರೆ ಸಾಕು, ಬೆಕ್ಕು ಏರಿ ಕೂರಲೆಂದೇ ಮಾರುವ, ಸಾವಿರಾರು ರೂಪಾಯಿಯ ‘ಬೆಕ್ಕಿನ ಮರ’ವನ್ನು ಕೊಳ್ಳಬೇಕಾಗಿಲ್ಲ. ನಾಯಿ ಓಡಾಡುವ ಹಾಲ್‌ನಲ್ಲೂ ಇಂಥದೊಂದು ಎತ್ತರದ ಜಾಗ ಬೇಕು.

ಮೊದಲ ಮೂರು ನಾಲ್ಕು ದಿನ ಎರಡೂ ಒಂದನ್ನೊಂದು ನೋಡುವುದೇ ಬೇಡ, ವಾಸನೆಯ ಪರಿಚಯ ಮಾತ್ರ ಸಾಕು. ನಾಯಿ ಮಲಗಿದ ಹಳೆಯ ಬಟ್ಟೆಯನ್ನು ಬೆಕ್ಕಿನ ಕೋಣೆಯಲ್ಲಿಯೂ, ಬೆಕ್ಕಿನ ಕೆನ್ನೆ ಒರೆಸಿದ ಬಟ್ಟೆಯನ್ನು ನಾಯಿಯ ಹಾಸಿಗೆಯ ಬಳಿಯಲ್ಲಿಯೂ ಇಡಿ.

ಇನ್ನು ಎಲ್ಲರೂ ಎಡವುವ ಹಂತ, ಮೊದಲ ನೋಟ. ಇದಕ್ಕೆ ನಡುವೆ ಜಾಲರಿ ಬಾಗಿಲು ಬೇಕು. ಸೊಳ್ಳೆ ಪರದೆಯ ನೈಲಾನ್ ಜಾಲರಿಯನ್ನು ನಾಯಿ ಒಂದೇ ಏಟಿಗೆ ಹರಿಯುತ್ತದೆ, ಆದ್ದರಿಂದ ಕಬ್ಬಿಣದ ಜಾಲರಿಯೇ ಆಗಬೇಕು. ನಾಯಿಯನ್ನು ಚೆನ್ನಾಗಿ ಸುತ್ತಾಡಿಸಿಕೊಂಡು ಬಂದು, ಅದರ ದಣಿವಾರಿದ ಮೇಲೆ, ಎದೆಪಟ್ಟಿ (ಹಾರ್ನೆಸ್) ತೊಡಿಸಿ ಆರು ಅಡಿಯ ಸಾದಾ ಹತ್ತಿಯ ಹಗ್ಗದಲ್ಲಿ ಹಿಡಿದುಕೊಳ್ಳಿ. ನಾಯಿ ಎಳೆದಂತೆಲ್ಲ ಉದ್ದವಾಗುವ ಹಗ್ಗ ಬೇಡವೇ ಬೇಡ, ಬೇಕಾದ ಕ್ಷಣದಲ್ಲಿ ಅದು ನಿಲ್ಲುವುದಿಲ್ಲ. ಒಬ್ಬರು ನಾಯಿಯ ಜೊತೆಗೂ ಇನ್ನೊಬ್ಬರು ಒಳಗೆ ಬೆಕ್ಕಿನ ಜೊತೆಗೂ ಇರಬೇಕು. ಬೆಕ್ಕನ್ನು ಎತ್ತಿ ತರಬಾರದು, ಅದರ ಪ್ರೀತಿಯ ಮೀನನ್ನು ಬಾಗಿಲಿನಿಂದ ದೂರದಲ್ಲಿಟ್ಟು ಅದು ತಾನಾಗಿ ಬರಲೆಂದು ಕಾಯಬೇಕು.

ನಾಯಿಯನ್ನು ಬಾಗಿಲಿನಿಂದ ಹತ್ತು ಹನ್ನೆರಡು ಅಡಿ ಆಚೆ ನಿಲ್ಲಿಸಿ. ನಿಮ್ಮ ಕೈಯಲ್ಲಿ ಉಪ್ಪು ಹಾಕದೆ ಬೇಯಿಸಿದ ಕೋಳಿಮಾಂಸದ ಚೂರುಗಳು ಅವರೆಕಾಳಿನ ಗಾತ್ರದಲ್ಲಿರಲಿ. ನಾಯಿಯ ಕಣ್ಣು ಬೆಕ್ಕಿನ ಮೇಲೆ ಬಿದ್ದ ಕ್ಷಣವೇ ಮೆಲ್ಲಗೆ ‘ಶಹಬಾಸ್’ ಎಂದು ಒಂದು ಚೂರು ಕೊಡಿ, ಮತ್ತೆ ನೋಡಿದರೆ ಮತ್ತೊಂದು ಕೊಡಿ. ಬೆಕ್ಕು ಮರೆಯಾದ ಕೂಡಲೇ ಕೊಡುವುದನ್ನು ನಿಲ್ಲಿಸಿ. ಹಗ್ಗ ಸದಾ ಸಡಿಲವಾಗಿರಲಿ, ಬಿಗಿದಷ್ಟೂ ನಾಯಿಯ ಉದ್ವೇಗ ಏರುತ್ತದೆ. ಎರಡು ಮೂರು ನಿಮಿಷವಾದ ಮೇಲೆ, ಎಲ್ಲವೂ ಚೆನ್ನಾಗಿ ನಡೆಯುತ್ತಿದ್ದರೂ, ಮರದ ಬಾಗಿಲು ಮುಚ್ಚಿಬಿಡಿ. ಇದನ್ನು ದಿನಕ್ಕೆ ಮೂರು ನಾಲ್ಕು ಬಾರಿ ಮಾಡಿ.

ಈ ನಿಮಿಷಗಳಲ್ಲಿ ನಾಯಿಯ ಮೈಯನ್ನು ಓದುವುದು ಮುಖ್ಯ. ಬೊಗಳಿದರೆ ಜನ ಹೆದರುತ್ತಾರೆ, ನನಗೆ ಹೆಚ್ಚು ಭಯ ಮೌನದ್ದು. ಬಾಯಿ ಗಪ್ಪನೆ ಮುಚ್ಚಿ, ಕಿವಿ ಮುಂದಕ್ಕೆ ನಿಮಿರಿ, ಒಂದು ಮುಂಗಾಲು ಅರ್ಧ ಎತ್ತಿ, ರೆಪ್ಪೆ ಹೊಡೆಯದೆ ನೋಡುತ್ತ, ಕೊಟ್ಟ ಮಾಂಸವನ್ನೂ ಮೂಸದೆ ನಿಂತ ನಾಯಿ ಬೇಟೆಯ ಮನಸ್ಥಿತಿಯಲ್ಲಿದೆ. ಆಗ ಗದರಬೇಡಿ, ಎಳೆದಾಡಬೇಡಿ. ಅದು ಮತ್ತೆ ತುತ್ತು ತೆಗೆದುಕೊಳ್ಳುವಷ್ಟು ದೂರಕ್ಕೆ ನೀವೇ ಹಿಂದೆ ಸರಿಯಿರಿ. ಮುಖ ತಿರುಗಿಸುವುದು, ನೆಲ ಮೂಸುವುದು ಒಳ್ಳೆಯ ಲಕ್ಷಣಗಳು. ನನ್ನಲ್ಲಿದ್ದ ಕಿವಿ ಕತ್ತರಿಸಿದ ಕಂದು ಹೆಣ್ಣುನಾಯಿಯೊಂದು ಒಂಬತ್ತನೆಯ ದಿನ ಬೆಕ್ಕನ್ನು ನೋಡಿತು, ಅದರ ತುಟಿ ಒಂದಿಷ್ಟು ನಡುಗಿತು, ಮರುಕ್ಷಣ ಕತ್ತು ಹೊರಳಿಸಿ ನನ್ನ ಕೈಯನ್ನೇ ನೋಡಿತು. ‘ಬೆಕ್ಕು ಕಂಡಿತು, ಈಗ ನನಗೇನು ಸಿಗುತ್ತದೆ?’ ಎಂದು ಕೇಳುವ ಆ ಹೊರಳು ನಿಮ್ಮ ನಾಯಿಯಲ್ಲಿ ಕಾಣುವವರೆಗೆ ಒಂದು ಅಡಿಯೂ ಮುಂದೆ ಹೋಗಬೇಡಿ. ಕಂಡ ಮೇಲೆ ದಿನಕ್ಕೆ ಒಂದೊಂದೇ ಅಡಿ ಹತ್ತಿರ ಬನ್ನಿ.

ಬೆಕ್ಕು ಬುಸುಗುಟ್ಟಿದರೆ, ನಾಯಿ ಗುರುಗುಟ್ಟಿದರೆ ಬೈಯಬೇಡಿ, ಅವು ಎಚ್ಚರಿಕೆಯ ಮಾತುಗಳು. ಅವನ್ನು ಅಡಗಿಸಿದರೆ ಮುಂದೆ ಎಚ್ಚರಿಕೆಯಿಲ್ಲದೆ ಕಚ್ಚುವ ನಾಯಿ ತಯಾರಾಗುತ್ತದೆ. ಇಲ್ಲಿಯೇ ಹಲವರು ಬೇಗ ಮುಗಿಸುವ ಆಸೆಯಿಂದ ಕತ್ತು ಹಿಸುಕುವ ಸರಪಳಿ, ಶಾಕ್ ಕೊಡುವ ಪಟ್ಟಿ, ನೀರಿನ ಪಿಚಕಾರಿಗಳ ಮೊರೆ ಹೋಗುತ್ತಾರೆ. ಬೆಕ್ಕು ಕಂಡಾಗಲೆಲ್ಲ ನೋವಾದರೆ, ಬೆಕ್ಕೇ ನೋವಿನ ಮೂಲವೆಂದು ನಾಯಿ ತಿಳಿಯುತ್ತದೆ. ಮನಸ್ಸನ್ನು ಶಾಂತಗೊಳಿಸುತ್ತದೆಂಬ ಸ್ಪ್ರೇಗಳಿಂದ ನನ್ನ ಮನೆಯಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ, ಅದೇ ದುಡ್ಡಿಗೆ ಕೋಳಿಮಾಂಸ ತನ್ನಿ.

ಜಾಲರಿಯ ಪಕ್ಕದಲ್ಲೇ ನಾಯಿ ನಿರಾಳವಾಗಿ ಮಲಗತೊಡಗಿದ ಮೇಲೆ ಬಾಗಿಲು ತೆರೆಯಬಹುದು. ಹಗ್ಗ ನೆಲದಲ್ಲಿ ಎಳೆದಾಡುತ್ತಿರಲಿ, ಬೇಕಾದಾಗ ಕಾಲಿನಿಂದ ಮೆಟ್ಟಿ ಹಿಡಿಯಬಹುದು. ಬೆಕ್ಕು ಹಾಲ್‌ನಲ್ಲಿ ಓಡಿದಾಗಲೂ ನಾಯಿ ನಿಮ್ಮ ಕರೆಗೆ ತಿರುಗಿದರೆ ಹಗ್ಗ ಬಿಚ್ಚುವ ಕಾಲ ಬಂದಿದೆ ಎಂದರ್ಥ. ಇದು ಮೂರು ವಾರಕ್ಕೂ ಬರಬಹುದು, ಮೂರು ತಿಂಗಳಿಗೂ ಬರಬಹುದು. ಮನೆಯಲ್ಲಿ ಯಾರೂ ಇಲ್ಲದಾಗ ಎರಡನ್ನೂ ಬೇರೆ ಕೋಣೆಗಳಲ್ಲಿಯೇ ಬಿಡಿ. ವರ್ಷಗಳಿಂದ ಒಟ್ಟಿಗಿರುವ ನನ್ನ ಪ್ರಾಣಿಗಳಿಗೂ ಇದೇ ನಿಯಮ.

ಬೆಕ್ಕಿನ ಊಟವನ್ನು ಎತ್ತರದಲ್ಲಿಡಿ. ಅದರ ಮಲವನ್ನೂ ನಾಯಿ ತಿನ್ನುತ್ತದೆ, ಹಾಗಾಗಿ ಮರಳಿನ ತಟ್ಟೆ ನಾಯಿ ನುಸುಳಲಾರದ ಸಂದಿನಾಚೆ ಇರಲಿ. ತಟ್ಟೆಯ ದಾರಿಯಲ್ಲಿ ನಾಯಿ ಕಾದು ಕೂತರೆ ಬೆಕ್ಕು ಮೂತ್ರ ತಡೆಯುತ್ತದೆ. ಗಂಡು ಬೆಕ್ಕು ತಿಣುಕಿದರೂ ಮೂತ್ರ ಬರದಿದ್ದರೆ ಅದು ಪ್ರಾಣಾಪಾಯ, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಒಯ್ಯಿರಿ. ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೂ ಯಕೃತ್ತು ಕೆಡುವ ಭಯವಿರುವುದರಿಂದ ವೈದ್ಯರಿಗೆ ತೋರಿಸಿ.

ಎರಡು ಮೂರು ತಿಂಗಳು ಪ್ರಾಮಾಣಿಕವಾಗಿ ಪ್ರಯತ್ನಿಸಿದ ಮೇಲೂ ಜಾಲರಿಯಾಚೆಯಿಂದ ನಾಯಿಯ ಆ ಮೌನದ ನೋಟ ಕರಗದಿದ್ದರೆ, ಅದನ್ನು ಕೊಟ್ಟವರಿಗೆ ಹಿಂದಿರುಗಿಸಲು ನಾಚಬೇಡಿ, ಬೀದಿಗೆ ಮಾತ್ರ ಬಿಡಬೇಡಿ. ಒಪ್ಪಿಸುವಾಗ ‘ಬೆಕ್ಕಿಲ್ಲದ ಮನೆಗೆ ಮಾತ್ರ’ ಎಂದು ಅದರ ಚೀಟಿಯ ಮೇಲೆ ಬರೆಸಿ, ಅದಕ್ಕೆ ರೂಢಿಯಾದ ಹಾಸಿಗೆಯನ್ನೂ ಎದೆಪಟ್ಟಿಯನ್ನೂ ಜೊತೆಗೆ ಕಳಿಸಿಕೊಡಿ.