ಸೆನ್ಸರ್ ಸತ್ತರೆ ಗೊತ್ತಾಗುತ್ತದೆ, ತಪ್ಪು ಹೇಳಿದರೆ?

ಕಡಲ ನೀರನ್ನು ಸೆನ್ಸರ್‌ಗಳಿಂದ ಅಳೆದು, ಆ ಅಂಕಿಗಳನ್ನು ಸರ್ವರ್ ಮೂಲಕ ಹೊರಗಿನವರಿಗೆ ಕೊಡುವುದು ನಮ್ಮ ಕೆಲಸ. ಒಮ್ಮೆ ನಮ್ಮ ಜೆಟ್ಟಿಯ ಸಿಟಿಡಿ (ನೀರಿನ ಉಪ್ಪಿನಂಶ, ಉಷ್ಣತೆ, ಆಳ ತಿಳಿಸುವ ಉಪಕರಣ) ಮೂರು ವಾರ ಉಪ್ಪಿನಂಶವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ತೋರಿಸುತ್ತಾ ಬಂತು. 34.7 ಇದ್ದದ್ದು (ಅಂದರೆ ಒಂದು ಕಿಲೋ ನೀರಿನಲ್ಲಿ ಸುಮಾರು ಅಷ್ಟು ಗ್ರಾಂ ಉಪ್ಪು) 33.9ಕ್ಕೆ ಇಳಿಯಿತು. ಎಲ್ಲೋ ಮಳೆಯಾಗಿರಬೇಕು, ಹೊಳೆ ನೀರು ಸೇರಿರಬೇಕು ಅಂದುಕೊಂಡೆವು. ಮೇಲೆತ್ತಿ ನೋಡಿದರೆ ಅಳೆಯುವ ಗಾಜಿನ ಕೊಳವೆಯೊಳಗೆ ಸಾಸಿವೆ ಕಾಳಿನಷ್ಟು ಬಾರ್ನಕಲ್, ಅಂದರೆ ಬಂಡೆಗೋ ದೋಣಿಗೋ ಅಂಟಿಕೊಂಡು ಬೆಳೆಯುವ ಚಿಪ್ಪಿನ ಜೀವಿ, ಕೂತಿತ್ತು. ಅಷ್ಟು ದಿನವೂ ಸರ್ವರ್ ಒಂದು ನಿಮಿಷ ನಿಂತಿರಲಿಲ್ಲ. ಎಲ್ಲ ದೀಪಗಳೂ ಹಸಿರಾಗಿಯೇ ಇದ್ದವು. ತಪ್ಪು ಅಂಕಿ ಮಾತ್ರ ಹೊರಗೆ ಹೋಗುತ್ತಲೇ ಇತ್ತು.

ಅವತ್ತಿನಿಂದ ಕೆಟ್ಟು ನಿಂತ ಸೆನ್ಸರ್ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಅದು ನಿಂತಿದೆ ಅಂತ ಯಾರಿಗಾದರೂ ಕಾಣುತ್ತದೆ. ನಂಬುವ ಹಾಗಿರುವ ತಪ್ಪು ಅಂಕಿ ಕಾಣುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಕಲಿಯಬೇಕಾದದ್ದು ಅದನ್ನು ಹಿಡಿಯುವುದನ್ನು.

ಉಪ್ಪಿನಂಶದಿಂದಲೇ ಶುರು ಮಾಡೋಣ. ಸಿಟಿಡಿ ನೇರವಾಗಿ ಉಪ್ಪನ್ನು ಅಳೆಯುವುದಿಲ್ಲ. ಕೊಳವೆಯಲ್ಲಿರುವ ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ, ಅದರಿಂದ ಲೆಕ್ಕ ಹಾಕುತ್ತದೆ. ಕೊಳವೆಯೊಳಗೆ ಏನು ಬೆಳೆದರೂ ದಾರಿ ಕಿರಿದಾಗುತ್ತದೆ, ಅಂಕಿ ಇಳಿಯುತ್ತದೆ. ಹಾಗಾಗಿ ಉಪ್ಪಿನಂಶ ದಿನದಿಂದ ದಿನಕ್ಕೆ ಒಂದೇ ಸಮನೆ ಇಳಿಯುತ್ತಿದ್ದರೆ ಮೊದಲು ಕೊಳವೆಯನ್ನು ಅನುಮಾನಿಸಿ. ಸಿಹಿ ನೀರು ಬಂದಾಗ ಸಾಮಾನ್ಯವಾಗಿ ಅಂಕಿ ಇಳಿಯುವ ರೀತಿ ಬೇರೆ ಥರ ಇರುತ್ತದೆ. ಭರತ ಬಂದಾಗ ಉಪ್ಪು ಏರುತ್ತದೆ, ಇಳಿತದಲ್ಲಿ ಕಡಿಮೆಯಾಗುತ್ತದೆ. ಎಷ್ಟೋ ಸಲ ಉಷ್ಣತೆಯೂ ಜೊತೆಗೇ ಅಲುಗುತ್ತದೆ.

ಅನುಮಾನ ಬಂತು ಅಂತ ಕೂಡಲೇ ತೊಳೆಯಬೇಡಿ! ಹೊಸಬರು ಎಲ್ಲರೂ ಮಾಡುವ ತಪ್ಪು ಇದು. ತೊಳೆದ ಮೇಲೆ ಹಳೆಯ ಡೇಟಾ ಎಷ್ಟು ತಪ್ಪಿತ್ತು ಅಂತ ಹೇಳುವ ಸಾಕ್ಷಿಯೇ ಉಳಿಯುವುದಿಲ್ಲ. ಮೊದಲು ಫೋಟೋ ತೆಗೆಯಿರಿ. ಆಮೇಲೆ ಇತ್ತೀಚೆಗೆ ಕ್ಯಾಲಿಬ್ರೇಷನ್ (ಗೊತ್ತಿರುವ ಅಳತೆಗೆ ತಾಳೆ ಹಾಕಿ ಸರಿಪಡಿಸುವುದು) ಆದ, ಚೊಕ್ಕವಾದ ಇನ್ನೊಂದು ಉಪಕರಣವನ್ನು ಅದೇ ಆಳದಲ್ಲಿ, ಪಕ್ಕದಲ್ಲೇ ಇಳಿಬಿಡಿ. ಹದಿನೈದು ನಿಮಿಷ ಎರಡರ ಅಂಕಿಯನ್ನೂ ಬರೆದುಕೊಳ್ಳಿ. ಈಗ ನಿಮ್ಮ ಸೆನ್ಸರ್ ತೊಳೆಯಿರಿ. ಮತ್ತೆ ಇಳಿಸಿ, ಮತ್ತೆ ಹದಿನೈದು ನಿಮಿಷ ಎರಡನ್ನೂ ಬರೆಯಿರಿ.

ಒಂದು ಲೆಕ್ಕ ನೋಡಿ. ಕೊಳೆ ಇದ್ದಾಗ ನಿಮ್ಮದು 33.9, ಪಕ್ಕದ್ದು 34.7. ತೊಳೆದ ಮೇಲೆ ನಿಮ್ಮದು 34.7, ಪಕ್ಕದ್ದು 34.8. ಮೊದಲು 0.8 ಇದ್ದ ಅಂತರ 0.1ಕ್ಕೆ ಬಂತು. ಅಂದರೆ 0.7 ಕೊಳೆಯ ತಪ್ಪು. ಉಳಿದ 0.1 ಸೆನ್ಸರ್‌ನದೇ ತಪ್ಪು, ಅದು ಕ್ಯಾಲಿಬ್ರೇಷನ್‌ಗೆ ಹೋಗಬೇಕು. ಈ ನಡುವೆ ಸಮುದ್ರವೇ 0.1 ಬದಲಾಗಿದೆ, ಗಮನಿಸಿದಿರಾ? ಪಕ್ಕದ ಉಪಕರಣ ಇಲ್ಲದಿದ್ದರೆ ಅದನ್ನೂ ಕೊಳೆಯ ಲೆಕ್ಕಕ್ಕೇ ಸೇರಿಸಿಬಿಡುತ್ತಿದ್ದಿರಿ.

ತೊಳೆಯುವಾಗ ಕೊಳವೆಯೊಳಗೆ ಬ್ರಷ್ ಹಾಕಬೇಡಿ. ಒಳಗಿನ ಎಲೆಕ್ಟ್ರೋಡ್‌ಗಳ ಮೇಲಿರುವ ಪ್ಲಾಟಿನಂ ಲೇಪ ಉಜ್ಜಿದರೆ ಹೋಗುತ್ತದೆ. ಸಿರಿಂಜ್‌ನಿಂದ ತೆಳು ಸೋಪಿನ ನೀರು ಹಾಯಿಸಿ ನೆನೆಸಿಡಿ. ಚಿಪ್ಪು ಹೋಗಲಿಲ್ಲವಾದರೆ ತಯಾರಕರ ಕೈಪಿಡಿ ಹೇಳುವ ದ್ರಾವಣ ಮಾತ್ರ ಬಳಸಿ. ಬ್ಲೀಚ್ ಮತ್ತು ಆಸಿಡ್ ಒಂದರೊಡನೊಂದು ಸೇರಲೇಬಾರದು, ವಿಷದ ಕ್ಲೋರಿನ್ ಅನಿಲ ಬರುತ್ತದೆ. ಬೆಳಕಿನಿಂದ ಅಳೆಯುವ ಸೆನ್ಸರ್‌ಗಳ ಕಿಟಕಿಗೆ ಮೊದಲು ಧಾರಾಳ ನೀರು ಹಾಕಿ ಮರಳಿನ ಕಣ ತೊಳೆದು, ಆಮೇಲೆ ಮೆತ್ತನೆಯ ಬಟ್ಟೆ ಮುಟ್ಟಿಸಿ. ತಾಮ್ರದ ಕವಚ ಇದ್ದರೆ ಪಾಚಿ, ಚಿಪ್ಪು ಬೆಳೆಯುವುದು ನಿಧಾನವಾಗುತ್ತದೆ. ಆದರೆ ತಾಮ್ರ ಅಲ್ಯೂಮಿನಿಯಂ ಮೈಗೆ ತಾಗಬಾರದು. ಉಪ್ಪು ನೀರಿನಲ್ಲಿ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ನಡುವೆ ಪ್ಲಾಸ್ಟಿಕ್ ತುಂಡು ಇಡಿ. ಇನ್ನು ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್: ತೆರೆದಾಗಲೆಲ್ಲ ಬೆಳಕಿಗೆ ಹಿಡಿದು ನೋಡಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಳಗೆ ಹೋಗುತ್ತದೆ.

ನೀರಿನ ಮಟ್ಟ ಅಳೆಯುವ ರಾಡಾರ್ ನೀರನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ಅದಕ್ಕೆ ಏನೂ ಆಗದು ಅಂತ ನಂಬುವವರಿದ್ದಾರೆ. ಅದು ಮೇಲಿನಿಂದ ನೀರಿಗೆ ಎಷ್ಟು ದೂರ ಅಂತ ನೋಡುತ್ತದೆ. ಅದನ್ನು ಹಿಡಿದಿರುವ ಬ್ರಾಕೆಟ್ 2 ಸೆಂಟಿಮೀಟರ್ ಜೋತುಬಿದ್ದರೆ ಸಮುದ್ರವೇ 2 ಸೆಂಟಿಮೀಟರ್ ಏರಿದಂತೆ ಕಾಣುತ್ತದೆ. ಜಗತ್ತಿನ ಸರಾಸರಿ ಸಮುದ್ರ ಮಟ್ಟ ಇತ್ತೀಚಿನ ವರ್ಷಗಳಲ್ಲಿ ಏರುತ್ತಿರುವುದು ವರ್ಷಕ್ಕೆ ಸುಮಾರು 4ರಿಂದ 5 ಮಿಲಿಮೀಟರ್. ಒಂದು ಸಡಿಲ ಬೋಲ್ಟ್ ನಾಲ್ಕೈದು ವರ್ಷದ ಏರಿಕೆಯನ್ನು ಒಂದೇ ರಾತ್ರಿಯಲ್ಲಿ ಹುಟ್ಟಿಸಬಲ್ಲದು! ಅದಕ್ಕೇ ವರ್ಷಕ್ಕೊಮ್ಮೆಯಾದರೂ, ದೊಡ್ಡ ಬಿರುಗಾಳಿಯ ನಂತರ ತಪ್ಪದೆ, ನೆಲದ ಮೇಲೆ ಎತ್ತರ ಗುರುತಿಸಿಟ್ಟ ಬೆಂಚ್‌ಮಾರ್ಕ್‌ನಿಂದ ಲೆವೆಲಿಂಗ್ ಮಾಡಿಸಿ, ಅಂದರೆ ರಾಡಾರ್ ಎಷ್ಟು ಎತ್ತರದಲ್ಲಿದೆ ಅಂತ ಮತ್ತೆ ಅಳೆಸಿ. ರಾಡಾರ್ ಬಾಯಿಗೆ ಜೇಡ ಬಲೆ ಕಟ್ಟಿದೆಯಾ ಅಂತಲೂ ನೋಡಿ.

ಗಡಿಯಾರದ ತಪ್ಪು ಇನ್ನೂ ಮೋಸದ್ದು. ಭರತ ಇಳಿತದ ಅಂತರ 3 ಮೀಟರ್ ಇರುವ ಕಡೆ, ನಡುಮಟ್ಟದಲ್ಲಿ ನೀರು ನಿಮಿಷಕ್ಕೆ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಏರುತ್ತದೆ. ಗಡಿಯಾರ ಐದು ನಿಮಿಷ ತಪ್ಪಿದರೆ ಮಟ್ಟ ಆರು ಸೆಂಟಿಮೀಟರ್ ತಪ್ಪು. ಸೆನ್ಸರ್‌ಗಳ ಅಂಕಿಯನ್ನು ಸಮಯದ ಜೊತೆ ದಾಖಲಿಸುವ ಲಾಗರ್, ಸರ್ವರ್, ನಿಮ್ಮ ನೋಟ್‌ಬುಕ್, ಮೂರೂ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಸಮಯದಲ್ಲೇ ಇರಲಿ.

ಗಡಿಯಾರ ಸರಿಮಾಡಲು ಜಿಪಿಎಸ್ ಇದೆ ಅಂತ ಸುಮ್ನೆ ಇರಬೇಡಿ. ಜಿಪಿಎಸ್ ವಾರಗಳನ್ನು 0ಯಿಂದ 1023ರವರೆಗೆ ಎಣಿಸಿ ಮತ್ತೆ 0ಗೆ ಬರುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹಾಗಾಯಿತು. ನಮ್ಮ ಒಂದು ಹಳೆಯ ಲಾಗರ್ 1999ರ ಆಗಸ್ಟ್‌ಗೆ ಹಾರಿತು. ಡೇಟಾ ಬರುತ್ತಲೇ ಇತ್ತು. ಆದರೆ ಸಮಯದ ಕ್ರಮದಲ್ಲಿ ಜೋಡಿಸಿದಾಗ ಹೊಸ ಅಂಕಿಗಳು ಪಟ್ಟಿಯ ಆರಂಭಕ್ಕೆ ಹೋಗಿ ಕೂತವು. ನಮ್ಮ ವೆಬ್ ಪುಟದಲ್ಲಿ ಹಳೆಯ ಅಂಕಿಯೇ ಇತ್ತೀಚಿನದು ಅಂತ ನಿಂತಿತ್ತು. ಎಚ್ಚರಿಕೆ ಬರಲಿಲ್ಲ, ಯಾಕೆಂದರೆ ಸರ್ವರ್ ಬದುಕಿದೆಯಾ ಅಂತಷ್ಟೇ ನಾವು ನೋಡುತ್ತಿದ್ದೆವು. ಈಗ ಕೇಳುವ ಪ್ರಶ್ನೆ ಬೇರೆ: ಹೊರಗಿನವರಿಗೆ ಸಿಗುವ ಕೊನೆಯ ಅಂಕಿ ಎಷ್ಟು ನಿಮಿಷ ಹಳೆಯದು? ಅದನ್ನು ಹೊರಗಿನ ಬೇರೆ ಯಂತ್ರದಿಂದಲೇ ಪರೀಕ್ಷಿಸಬೇಕು. ಅಂಕಿಯ ತಾರೀಕು ಹಿಂದಕ್ಕೋ ಮುಂದಕ್ಕೋ ಹಾರಿದ್ದರೂ ಎಚ್ಚರಿಕೆ ಬರಬೇಕು.

ಡೇಟಾವನ್ನು ವೆಬ್‌ನಲ್ಲಿ ಹಂಚುವ ಎರ್ಡ್ಯಾಪ್ (ERDDAP) ಸಾಫ್ಟ್‌ವೇರ್ ನೀವು ಬಳಸುತ್ತಿದ್ದರೆ ಒಂದು ಮಾತು. ಡೇಟಾಸೆಟ್ ಅನ್ನು ಮತ್ತೆ ಓದುವ ಅವಧಿ ನೀವು ಹೇಳದಿದ್ದರೆ 10080 ನಿಮಿಷ, ಅಂದರೆ ಪೂರ್ತಿ ಒಂದು ವಾರ. ಫೈಲ್ ಸರ್ವರ್‌ಗೆ ಬಂದರೂ ಪುಟದಲ್ಲಿ ಕಾಣದೆ ಇರುವುದಕ್ಕೆ ಹಲವು ಸಲ ಇದೇ ಕಾರಣ. ಅದನ್ನು ಕಡಿಮೆ ಮಾಡಿ, ಅಥವಾ ಹೊಸ ಫೈಲ್ ಬಂದಾಗ ಫ್ಲ್ಯಾಗ್ (ಈಗಲೇ ಓದು ಅಂತ ಹೇಳುವ ಸೂಚನೆ) ಕಳಿಸಿ ಓದಿಸಿ. ಡಿಸ್ಕ್ ತುಂಬಿದೆಯಾ ಅಂತಲೂ ನೋಡುತ್ತಿರಿ.

ಬ್ಯಾಟರಿ ವಿಷಯ ಚಿಕ್ಕದು. ಮಧ್ಯಾಹ್ನದ ವೋಲ್ಟೇಜ್ ನೋಡಿ ಏನೂ ತಿಳಿಯುವುದಿಲ್ಲ. ಸೂರ್ಯ ಹುಟ್ಟುವ ಮುಂಚಿನದನ್ನು ನೋಡಿ. ಅದು ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಸೋಲಾರ್ ಫಲಕದ ಮೇಲೆ ಹಕ್ಕಿ ಹಿಕ್ಕೆಯೋ ಉಪ್ಪೋ ಕೂತಿರಬಹುದು, ಇಲ್ಲವೇ ಬ್ಯಾಟರಿಗೆ ವಯಸ್ಸಾಗಿದೆ.

ಡೇಟಾದ ಗುಣಮಟ್ಟಕ್ಕೆ ಕ್ವಾರ್ಟಾಡ್ (QARTOD, ಸಮುದ್ರದ ಡೇಟಾ ಪರೀಕ್ಷಿಸುವ ಒಂದು ಪದ್ಧತಿ) ಗುರುತುಗಳಿವೆ. 1 ಅಂದರೆ ಸರಿ, 2 ಪರೀಕ್ಷಿಸಿಲ್ಲ, 3 ಅನುಮಾನ, 4 ತಪ್ಪು, 9 ಡೇಟಾ ಇಲ್ಲ. ಮಿತಿ ಮೀರಿದ ಅಂಕಿ, ಥಟ್ಟನೆ ಜಿಗಿದ ಅಂಕಿ, ಅಲುಗದೆ ನಿಂತ ಅಂಕಿ, ಇವನ್ನೆಲ್ಲ ತಂತಾನೇ ಹಿಡಿಯಬಹುದು. ಆದರೆ ನಮ್ಮ ಬಾರ್ನಕಲ್ ಈ ಎಲ್ಲ ಪರೀಕ್ಷೆಯನ್ನೂ ದಾಟಿತ್ತು. 33.9 ಅಸಾಧ್ಯವಾದ ಅಂಕಿ ಏನಲ್ಲ ಅಲ್ವಾ? ಹಾಗಾಗಿ ಪ್ರತಿ ಸೋಮವಾರ ನಾನು ಕಳೆದ 30 ದಿನದ ಗ್ರಾಫ್ ಬಿಡಿಸಿ, ಪಕ್ಕದ ನಿಲ್ದಾಣದ ಗೆರೆಯನ್ನೂ ಅದರ ಮೇಲೆ ಇಟ್ಟು ಕಣ್ಣಿನಿಂದಲೇ ನೋಡುತ್ತೇನೆ. ಎರಡು ಗೆರೆಗಳು ಎಲ್ಲಿ ಬೇರೆಯಾಗಲು ಶುರುವಾದವೋ ಅದೇ ನಾನು ಹುಡುಕುವ ದಿನ.

ಆ ದಿನ ಸಿಕ್ಕಿದರೆ ಅಲ್ಲಿಂದ ತೊಳೆದ ದಿನದವರೆಗೆ 3 ಅಂತ ಗುರುತು ಹಾಕಿ. ಮೂಲ ಫೈಲ್ ಮುಟ್ಟಬೇಡಿ, ತಿದ್ದಿದ್ದು ಬೇರೆ ಕಡೆ ಇರಲಿ. ಡೇಟಾಸೆಟ್‌ನ ವಿವರಣೆಯಲ್ಲಿ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಅಂಕಿ ನಂಬುವಂತಿಲ್ಲ, ಯಾಕೆ, ಎಷ್ಟು ತಪ್ಪಿತ್ತು ಅಂತ ಎರಡು ಸಾಲು ಬರೆಯಿರಿ. ಈಗಾಗಲೇ ಆ ಡೇಟಾ ಇಳಿಸಿಕೊಂಡವರು ಯಾರು ಅಂತ ಗೊತ್ತಿದ್ದರೆ ಅವತ್ತೇ ಫೋನ್ ಮಾಡಿ ಹೇಳಿ.