ಬೂತ್ ಲೆಕ್ಕದಲ್ಲಿ ಲೈನ್‌ಮನೆಯವರ ಮತ ಹುಡುಕಿದ್ದು

2023ರ ವಿಧಾನಸಭೆ ಚುನಾವಣೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ ಸೀಟು ಕಾಂಗ್ರೆಸ್ಸಿಗೆ ಬಂದವು. ಮಾರನೇ ದಿನ ಮೂಡಿಗೆರೆಯ ಹೋಟೆಲಿನಲ್ಲಿ ಒಂದೇ ಮಾತು: "ತೋಟದ ಲೈನ್‌ಮನೆಯವರು ಪೂರ್ತಿ ತಿರುಗಿಬಿಟ್ರು." ಲೈನ್‌ಮನೆಯವರು ಅಂದರೆ ತೋಟದ ಸಾಲುಮನೆಗಳಲ್ಲಿ ಇರುವ ಕೂಲಿಯವರು. ನಮ್ಮ ಮೂಡಿಗೆರೆ ಕ್ಷೇತ್ರದಲ್ಲಿ ಗೆಲುವಿನ ಅಂತರ ಬರೀ 722 ಮತ. ಅದರಲ್ಲಿ ಯಾರು ತಿರುಗಿದರು ಅಂತ ಇವರಿಗೆ ಹೇಗೆ ಗೊತ್ತಾಯಿತು? ನೋಡೇಬಿಡೋಣ ಅಂತ ಫಾರ್ಮ್ 20 ಇಳಿಸಿಕೊಂಡೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಅಂತ ಚುನಾವಣಾಧಿಕಾರಿ ಕೊಡುವ ಪಟ್ಟಿ ಅದು.

ಒಂದೊಂದೇ ಸಾಲು ಎಕ್ಸೆಲ್‌ಗೆ ಹೊಡೆದೆ. ಕೂಡಿದರೆ ಮೊತ್ತ ತಾಳೆಯಾಗಲಿಲ್ಲ. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಅಂಚೆ ಮತಗಳು ಬೂತಿನ ಸಾಲುಗಳಲ್ಲಿ ಇರುವುದಿಲ್ಲ. ಕೊನೆಯಲ್ಲಿ ಅವಕ್ಕೇ ಬೇರೆ ಸಾಲು.

ನಿಜವಾದ ತೊಡಕು ಬಂದದ್ದು ಆಮೇಲೆ. ಶಾಲೆಯ ಬೂತಿನಲ್ಲಿ ಲೈನ್‌ಮನೆಯವರೂ ಊರಿನವರೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕುತ್ತಾರೆ ಅಲ್ವಾ? ಲೈನಿನವರು 300, ಊರಿನವರು 300 ಅಂತಿಟ್ಟುಕೊಳ್ಳಿ. ಗೆದ್ದವರಿಗೆ 330, ಸೋತವರಿಗೆ 270. ಲೈನಿನ 300 ಮತವೂ ಗೆದ್ದವರಿಗೇ ಹೋಗಿ, ಊರಿನ 30 ಸೇರಿದ್ದರೂ 330. ಊರಿನ 300 ಪೂರ್ತಿ ಹೋಗಿ, ಲೈನಿನ 30 ಸೇರಿದ್ದರೂ ಅದೇ 330! ಹಾಳೆಯ ಮೇಲೆ ಎರಡಕ್ಕೂ ಒಂದೇ ಸಂಖ್ಯೆ.

ಗುಂಪಿನ ಒಟ್ಟು ಲೆಕ್ಕ ನೋಡಿ ಒಬ್ಬೊಬ್ಬರ ಬಗ್ಗೆ ತೀರ್ಮಾನಿಸುವುದು ಹಳೆಯ ತಪ್ಪು. 1950ರಲ್ಲಿ ಸಮಾಜಶಾಸ್ತ್ರಜ್ಞ ಡಬ್ಲ್ಯು. ಎಸ್. ರಾಬಿನ್ಸನ್ ಅಮೆರಿಕದ ಜನಗಣತಿ ಇಟ್ಟುಕೊಂಡು ಇದನ್ನು ತೋರಿಸಿದ್ದರು. ವಲಸಿಗರು ಜಾಸ್ತಿ ಇದ್ದ ರಾಜ್ಯಗಳಲ್ಲಿ ಓದು ಬರಹ ಬಲ್ಲವರು ಜಾಸ್ತಿ. ಆದರೆ ಒಬ್ಬೊಬ್ಬರನ್ನೇ ನೋಡಿದರೆ ವಲಸಿಗರಲ್ಲೇ ಅಕ್ಷರ ಬಲ್ಲವರು ಕಡಿಮೆ. ಓದಿದವರು ಹೆಚ್ಚಿರುವ ಕಡೆಗೇ ಅವರು ಹೋಗಿ ನೆಲೆಸಿದ್ದರು, ಅಷ್ಟೇ.

ಹಾಗಾಗಿ ಈಗ ನಾನು ಒಂದೇ ಸಂಖ್ಯೆ ಬರೆಯುವುದಿಲ್ಲ. "ಲೈನಿನಿಂದ 30ರಿಂದ 300" ಅಂತ ಎರಡು ತುದಿಯನ್ನೂ ಬರೆಯುತ್ತೇನೆ. ಬಹುಪಾಲು ಲೈನಿನವರೇ ಇರುವ ಬೂತಾದರೆ ತುದಿಗಳು ಹತ್ತಿರ ಬರುತ್ತವೆ, ಅಲ್ಲಿ ಸ್ವಲ್ಪ ಧೈರ್ಯವಾಗಿ ಮಾತಾಡಬಹುದು. ಬೇರೆ ಕಡೆ ಸುಮ್ನೆ ಇರುವುದೇ ಸರಿ. ಯಾಕೆಂದರೆ ಹೋಟೆಲಿನ ಮಾತು ಲೈನಿನವರೆಗೂ ಹೋಗುತ್ತದೆ. ಗುಟ್ಟಾಗಿ ಹಾಕಿದ ಮತಕ್ಕೆ ಅವರು ಮರುದಿನ ಕೂಲಿ ಕೊಡುವವರ ಮುಂದೆ ಉತ್ತರ ಕೊಡುತ್ತಾ ನಿಲ್ಲಬೇಕಾಗುತ್ತದೆ.

ಮೊನ್ನೆ ಸ್ನೇಹಿತರೊಬ್ಬರು ಮತ್ತೆ ಅದೇ ಮಾತು ತೆಗೆದರು. "ಆ ಬೂತಿನಲ್ಲಿ ಬೇರೆ ಯಾರೆಲ್ಲ ಇದ್ದಾರೆ?" ಅಂತ ಕೇಳಿದೆ. ಬೆರಳು ಮಡಿಸಿ ಎಣಿಸತೊಡಗಿದರು. ಎರಡು ಕೈ ಸಾಲಲಿಲ್ಲ.