ಕವಚದೊಳಗಿನ ಬಂದೂಕನ್ನು ಗುರುತಿಸುವುದು ಹೇಗೆ

ವೈಜ್ಞಾನಿಕ ಕಥೆಯ ಧಾರಾವಾಹಿಗಳಲ್ಲಿ ಕಾಣುವ ಬಂದೂಕುಗಳಲ್ಲಿ ಎಷ್ಟೋ ಪೂರ್ತಿ ಕಲ್ಪನೆಯವಲ್ಲ. ನಿಜವಾದ ಬಂದೂಕಿಗೇ ಕವಚ ತೊಡಿಸಿ, ದೀಪ ಕೂರಿಸಿ, ಮೂತಿ ಬದಲಿಸಿ ಬೇರೊಂದು ಶತಮಾನಕ್ಕೆ ಕಳಿಸಿರುತ್ತಾರೆ. ಬ್ಲ್ಯಾಂಕ್ (ಮುಂದೆ ಗುಂಡಿಲ್ಲದ ತೋಟಾ) ಹಾರಿಸಿದರೆ ಬೆಂಕಿ, ಹೊಗೆ, ನಟನ ಕೈ ಅದುರುವುದು ಎಲ್ಲವೂ ಕ್ಯಾಮೆರಾಗೆ ತಾನಾಗಿ ಸಿಗುತ್ತದೆ ಎನ್ನುವುದು ಇದಕ್ಕೆ ದೊಡ್ಡ ಕಾರಣ. ಒಳಗಿರುವುದನ್ನು ಕಂಡುಹಿಡಿಯಲು ನಾನು ಪಾಲಿಸುವ ನಿಯಮ ಒಂದೇ: ಅಲಂಕಾರವನ್ನು ಬಿಡಿ, ಕೆಲಸ ಮಾಡುವ ಭಾಗವನ್ನು ನೋಡಿ.

ಮೂತಿ, ದುರ್ಬೀನು, ಬಣ್ಣ ಇವನ್ನು ಯಾರು ಬೇಕಾದರೂ ಬದಲಿಸಬಹುದು. ಹಿಡಿಯ ಓರೆ, ಟ್ರಿಗರ್ ಸುತ್ತಲಿನ ಬಳೆ, ಮ್ಯಾಗಝಿನ್ (ತೋಟಾ ತುಂಬಿಡುವ ಪೆಟ್ಟಿಗೆ) ಸೇರುವ ಜಾಗ, ಹಾರಿದ ತೋಟಾದ ಖಾಲಿ ಕೇಸು ಹೊರಬೀಳುವ ಕಿಂಡಿ, ಗುಂಡು ಅಕಸ್ಮಾತ್ ಹಾರದಂತೆ ತಡೆಯುವ ಸೇಫ್ಟಿ ಲಿವರ್ ಇವನ್ನು ಮುಚ್ಚಿಬಿಟ್ಟರೆ ಬಂದೂಕನ್ನು ಬಳಸುವುದೇ ಕಷ್ಟ. ಹಾಗಾಗಿ ನನ್ನ ಕಣ್ಣು ಮೊದಲು ಮ್ಯಾಗಝಿನ್ ಮೇಲೆ, ಆಮೇಲೆ ಕಿಂಡಿಯ ಮೇಲೆ, ಕೊನೆಗೆ ಹಿಡಿಯ ಮೇಲೆ ಹೋಗುತ್ತದೆ.

ಕಲಿಯಲು ಒಳ್ಳೆಯ ಪಾಠ ‘ಸ್ಟಾರ್‌ಗೇಟ್ ಎಸ್‌ಜಿ-1’. 1997ರಲ್ಲಿ ಶುರುವಾದ ಈ ಸರಣಿಯ ಮೊದಲ ವರ್ಷಗಳಲ್ಲಿ ತಂಡದ ಕೈಯಲ್ಲಿದ್ದದ್ದು ಎಂಪಿ5 ಎಂಬ ಸಬ್‌ಮಷಿನ್ ಗನ್. ಆಮೇಲೆ ಬಂದದ್ದು ಬೆಲ್ಜಿಯಂನ ಎಫ್‌ಎನ್ ಕಂಪನಿಯ ಪಿ90. ನೋಡಿದವರು ಅದನ್ನು ಕಥೆಗಾಗಿಯೇ ಮಾಡಿದ್ದು ಅಂದುಕೊಳ್ಳುತ್ತಾರೆ; ಅದು ಇದ್ದ ಹಾಗೇ ಕಾರ್ಖಾನೆಯಿಂದ ಬಂದ ರೂಪ. ಹತ್ತಿರದ ಶಾಟ್‌ನಲ್ಲಿ ನಿಲ್ಲಿಸಿ ನೋಡಿ: 50 ತೋಟಾ ಹಿಡಿಯುವ ಮ್ಯಾಗಝಿನ್ ಬಂದೂಕಿನ ಬೆನ್ನ ಮೇಲೆ ಉದ್ದಕ್ಕೆ ಮಲಗಿದೆ. ಅದು ಅರೆಪಾರದರ್ಶಕ, ಒಳಗಿನ ತೋಟಾಗಳು ಕಾಣುತ್ತವೆ. ಅವು ನಳಿಗೆಯತ್ತ ಮುಖ ಮಾಡಿರುವುದಿಲ್ಲ, ಅಡ್ಡಡ್ಡ ಕೂತಿರುತ್ತವೆ. ನಳಿಗೆಗೆ ಹೋಗುವ ಮುನ್ನ ಪ್ರತಿಯೊಂದೂ ಕಾಲು ಸುತ್ತು ತಿರುಗಬೇಕು. ಇನ್ನು ಪಕ್ಕದಲ್ಲಿ ಕಿಂಡಿ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಖಾಲಿ ಕೇಸುಗಳು ಕೆಳಗೆ ಸುರಿಯುತ್ತವೆ. ನಾಲ್ವರು ನಟರು ಭುಜಕ್ಕೆ ಭುಜ ತಾಗಿಸಿ ನಿಂತು ಗುಂಡು ಹಾರಿಸಿದರೂ ಬಿಸಿ ಕೇಸು ಪಕ್ಕದವರ ಮುಖಕ್ಕೆ ಹಾರದು. ಎಷ್ಟು ಚೆಂದದ ಯಂತ್ರ!

ಅದೇ ಕಂಪನಿಯ ಫೈವ್-ಸೆವೆನ್ ಪಿಸ್ತೂಲು 2004ರ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದಲ್ಲಿದೆ, ನಳಿಗೆಯ ಕೆಳಗೊಂದು ದಪ್ಪ ಸ್ಫೋಟಕ ಕೊಳವೆ ಸೇರಿಸಿಕೊಂಡು. ಕೊಳವೆಯನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ನೋಡಿ. ಸೇಫ್ಟಿ ಲಿವರ್ ಹೆಬ್ಬೆರಳಿನ ಬಳಿ ಇಲ್ಲ, ಟ್ರಿಗರ್‌ನ ಮೇಲ್ಗಡೆ, ಪಿಸ್ತೂಲಿನ ಪಕ್ಕದಲ್ಲಿದೆ. ಪಿಸ್ತೂಲುಗಳಲ್ಲಿ ಇದು ಅಪರೂಪ. ಹಿಡಿ ಹಿಂದೆ-ಮುಂದೆ ಅಗಲವಾಗಿದೆ, ಪಿ90ಯ ಅದೇ ಉದ್ದನೆಯ ತೋಟಾ ಒಳಗೆ ಹಿಡಿಸಬೇಕಲ್ಲ.

ರಿವಾಲ್ವರ್ ಮೇಲೆ ಕವಚ ಹಾಕಿದರೆ ಕಷ್ಟ ಹೆಚ್ಚು. ‘ಫೈರ್‌ಫ್ಲೈ’ (2002) ನಾಯಕ ಮಾಲ್‌ನ ಪಿಸ್ತೂಲಿನೊಳಗೆ ಇರುವುದು ಟಾರಸ್ ಮಾಡೆಲ್ 85. ತಿರುಗುವ ಸಿಲಿಂಡರ್ ಕಾಣದಿದ್ದಾಗ ಇಲ್ಲದಿರುವುದನ್ನೇ ಸುಳಿವಾಗಿ ಹಿಡಿಯಬೇಕು: ಗುಂಡು ಹಾರಿತು, ಕೇಸು ಹಾರಲಿಲ್ಲ, ಗುಂಡು ಹಾರಿದಾಗ ಹಿಂದೆ ಸರಿಯುವ ಸ್ಲೈಡ್ (ಪಿಸ್ತೂಲಿನ ಮೇಲ್ಭಾಗ) ಇಲ್ಲ. ಅದೇ ಸರಣಿಯಲ್ಲಿ ಜೇನ್ ಮುದ್ದಿನಿಂದ ‘ವೆರಾ’ ಎಂದು ಕರೆಯುವುದು ರಷ್ಯಾದ ಸೈಗಾ-12 ಶಾಟ್‌ಗನ್. ಝೋಯಿಯ ಸೊಂಟದಲ್ಲಿರುವುದು ವಿಂಚೆಸ್ಟರ್ 1892ರ ಕತ್ತರಿಸಿದ ರೂಪ; ಟ್ರಿಗರ್ ಸುತ್ತಲಿನ ಲಿವರ್ ಬಳೆ ನೋಡಿದರೆ ಸಾಕು.

ಹೊಡೆದಾಟದ ದೃಶ್ಯದಲ್ಲಿ ಗುರುತಿಸಲು ಕೂರಬೇಡಿ. ಮ್ಯಾಗಝಿನ್ ಬದಲಿಸುವ, ಮೇಜಿನ ಮೇಲೆ ಬಿಚ್ಚಿ ಒರೆಸುವ ದೃಶ್ಯಗಳನ್ನು ಹುಡುಕಿ. ವಿಎಲ್‌ಸಿ ವಿಡಿಯೊ ಪ್ಲೇಯರ್‌ನಲ್ಲಿ ‘ಇ’ (E) ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ. ಮೂತಿಯಲ್ಲಿ ಬೆಂಕಿ ಕಂಡ ಫ್ರೇಮ್ ಸಿಕ್ಕಿದರೆ ಅದರ ಮುಂದಿನ ಎರಡು-ಮೂರನ್ನೂ ನೋಡಿ. ಸ್ವಯಂಚಾಲಿತ ಪಿಸ್ತೂಲಿನ ಸ್ಲೈಡ್ ಅಲುಗದೆ ನಿಂತಿದ್ದರೆ ಬೆಂಕಿಯನ್ನು ಕಂಪ್ಯೂಟರ್‌ನಲ್ಲಿ ಆಮೇಲೆ ಹಚ್ಚಿದ್ದಾರೆ ಎಂದೇ ಅನುಮಾನಿಸಿ.

ನಟ ಓಡುವಾಗ, ಬೀಳುವಾಗ ಕೈಯಲ್ಲಿರುವುದು ಹೆಚ್ಚಾಗಿ ರಬ್ಬರ್ ಅಚ್ಚು. ಮೂತಿಯಲ್ಲಿ ತೂತು ಇರುವುದಿಲ್ಲ, ಕಿಂಡಿಯ ಜಾಗದಲ್ಲಿ ಬರೀ ಉಬ್ಬುಗೆರೆ, ಟ್ರಿಗರ್ ಅಂಟಿಕೊಂಡಿರುತ್ತದೆ. ಮುಂದಿನ ಶಾಟ್‌ನಲ್ಲಿ ಅಸಲಿ ಮತ್ತೆ ಕೈಗೆ ಬಂದಿರಬಹುದು. ಎರಡನ್ನೂ ಬೇರೆಬೇರೆಯಾಗಿಯೇ ಬರೆದಿಡಿ.

ಇನ್ನೊಂದು ಬಲೆ, ಸಂಕಲನಕಾರರು ಎಡ-ಬಲ ತಿರುಗಿಸಿದ ಚಿತ್ರ. ಸಾಮಾನ್ಯವಾಗಿ ಬಲಕ್ಕಿರುವ ಕಿಂಡಿ ಎಡಕ್ಕೆ ಕಂಡರೆ ಹೊಸ ಬಂದೂಕು ಸಿಕ್ಕಿತು ಎಂದು ಹಿಗ್ಗುವ ಮೊದಲು ನಟನ ಬೈತಲೆ, ತೋಳಿನ ಬ್ಯಾಡ್ಜ್ ಯಾವ ಕಡೆಗಿವೆ ನೋಡಿ.

ನಾನು ಪ್ರತಿ ಬಂದೂಕಿಗೂ ಕಂತು, ನಿಮಿಷ, ಯಾವ ಭಾಗದಿಂದ ಗುರುತಿಸಿದೆ ಎಂಬುದನ್ನು ಬರೆದು, ಪಕ್ಕದಲ್ಲಿ ‘ಖಚಿತ’ ಅಥವಾ ‘ಇರಬಹುದು’ ಎಂದು ಹಾಕುತ್ತೇನೆ. ಕೆಲಸ ಮಾಡುವ ಎರಡು ಭಾಗಗಳಾದರೂ ಹೊಂದದೆ ‘ಖಚಿತ’ ಎಂದು ಬರೆಯುವುದಿಲ್ಲ.